ಮೂಳೆಯೊಳಗೆ ಪೊಳ್ಳು, ಚರ್ಮದ ಮೇಲೆ ಸಣ್ಣ ತೂತು

ಮರಾಠಿಯಲ್ಲಿ ಮೂಳೆಗೆ ‘ಹಾಡ’ ಅನ್ನುತ್ತಾರೆ, ಪೊಳ್ಳಿಗೆ ‘ಪೋಕಳಿ’. ಕೋಥರೂಡಿನಲ್ಲಿ ವರ್ಷಗಟ್ಟಲೆ ಇದ್ದವರಿಗೆ ಇದು ಗೊತ್ತು, ದಾವಣಗೆರೆಯಿಂದ ಮೊಮ್ಮಗನನ್ನು ನೋಡಲು ಬಂದ ಅಜ್ಜಿಗೆ ಗೊತ್ತಿರುವುದಿಲ್ಲ. ನಮ್ಮ ಸೊಸೈಟಿಯ ಕನ್ನಡ ಕುಟುಂಬವೊಂದರ ಒಂಬತ್ತು ವರ್ಷದ ಹುಡುಗ ಪಾರ್ಕಿಂಗ್‌ನಲ್ಲಿ ಕ್ರಿಕೆಟ್ ಆಡುತ್ತ ಜೋರಾಗಿ ಚೆಂಡು ಎಸೆದ. ಬೀಳಲಿಲ್ಲ, ಯಾರೂ ತಳ್ಳಲಿಲ್ಲ, ಆದರೂ ತೋಳು ಮುರಿಯಿತು. ಎಕ್ಸ್-ರೇಯಲ್ಲಿ ಭುಜದ ಸ್ವಲ್ಪ ಕೆಳಗೆ, ಮೂಳೆಯೊಳಗೆ ಕಪ್ಪನೆಯ ಜಾಗ. ಡಾಕ್ಟರು ಹೇಳಿದ್ದರಲ್ಲಿ ಅಜ್ಜಿಗೆ ಅರ್ಥವಾದದ್ದು ‘ಗಾಠ’ ಎಂಬ ಒಂದೇ ಪದ. ಗಂಟು ಎಂದುಕೊಂಡರು, ಗಡ್ಡೆ ಎಂದು ಊರಿಗೆ ಫೋನ್ ಮಾಡಿದರು. ಸಂಜೆಯ ಹೊತ್ತಿಗೆ ದಾವಣಗೆರೆಯಲ್ಲಿ ಅದು ಕ್ಯಾನ್ಸರ್ ಆಗಿತ್ತು.

ಅದು ಕ್ಯಾನ್ಸರ್ ಅಲ್ಲ. ವೈದ್ಯರು ಅದನ್ನು ಸರಳ ಮೂಳೆ ಸಿಸ್ಟ್ ಎನ್ನುತ್ತಾರೆ. ಮೂಳೆಯೊಳಗೆ ನೀರು ತುಂಬಿದ ಒಂದು ಕೋಣೆ, ಅಷ್ಟೆ. ಬಹುಪಾಲು ಮಕ್ಕಳಲ್ಲೇ ಕಾಣುತ್ತದೆ. ತೋಳಿನ ಮೂಳೆಯ ಮೇಲ್ತುದಿ ಮತ್ತು ತೊಡೆ ಮೂಳೆಯ ಮೇಲ್ತುದಿ ಅದರ ಇಷ್ಟದ ಜಾಗಗಳು. ನೋವಿಲ್ಲ, ಊತವಿಲ್ಲ, ಜ್ವರವಿಲ್ಲ. ಸುತ್ತಲಿನ ಗೋಡೆ ತೆಳ್ಳಗಾಗಿ ಒಂದು ದಿನ ಮುರಿದಾಗಲೇ ಅಲ್ಲಿ ಏನೋ ಇದೆ ಎಂದು ಗೊತ್ತಾಗುವುದು. ಮುರಿದ ಚೂರು ಆ ನೀರಿನಲ್ಲಿ ಕೆಳಗಿಳಿದು ತಳದಲ್ಲಿ ಕೂತಿರುವುದು ಕೆಲವೊಮ್ಮೆ ಎಕ್ಸ್-ರೇಯಲ್ಲೇ ಕಾಣುತ್ತದೆ, ಉದುರಿದ ಎಲೆಯ ಹಾಗೆ.

ಮುರಿತ ಕೂಡಿಕೊಳ್ಳಲು ಆರೇಳು ವಾರ ಸಾಕು. ಪೊಳ್ಳು ಮಾತ್ರ ಅದರ ಜೊತೆಗೇ ತುಂಬಿಕೊಳ್ಳುವುದು ಕೆಲವೇ ಮಕ್ಕಳಲ್ಲಿ. ಹಿಂದೆ ಇದಕ್ಕೆ ದೊಡ್ಡ ಗಾಯ ಮಾಡಿ, ಒಳಗೆ ಕೆರೆದು, ಸೊಂಟದಿಂದ ತೆಗೆದ ಮೂಳೆ ತುಂಬುತ್ತಿದ್ದರು. ತೊಂದರೆ ಏನೆಂದರೆ ಈ ಸಿಸ್ಟ್ ಬೆಳವಣಿಗೆಯ ತಟ್ಟೆಗೆ ಅಂಟಿಕೊಂಡೇ ಇರಬಹುದು. ತೋಳಿನ ಮೂಳೆಯ ಉದ್ದದಲ್ಲಿ ಸುಮಾರು 80 ಶೇಕಡಾ ಬೆಳೆಯುವುದು ಮೇಲ್ತುದಿಯ ಆ ತೆಳು ತಟ್ಟೆಯಿಂದ. ಕೆರೆಯುವಾಗ ಅದಕ್ಕೆ ಪೆಟ್ಟಾದರೆ ಕೈ ಗಿಡ್ಡವಾಗಿ ಉಳಿಯಬಹುದು. ಮಕ್ಕಳಲ್ಲಿ ಗಾಯ ಚಿಕ್ಕದಿರಬೇಕು ಎನ್ನುವುದಕ್ಕೆ ಕಲೆ ಕಾಣದಿರಲಿ ಎನ್ನುವುದಕ್ಕಿಂತ ದೊಡ್ಡ ಕಾರಣ ಇದು.

ಇಟಲಿಯ ಸ್ಕಾಲಿಯೆಟ್ಟಿ ಎಂಬ ಶಸ್ತ್ರಚಿಕಿತ್ಸಕರು 1979ರಲ್ಲಿ ಪ್ರಕಟಿಸಿದ ಉಪಾಯ ಸರಳವಾಗಿತ್ತು: ಸೂಜಿ ಚುಚ್ಚಿ ನೀರು ತೆಗೆ, ಸ್ಟೆರಾಯ್ಡ್ ಬಿಡು. ಆಮೇಲೆ ಮಗುವಿನದೇ ಅಸ್ಥಿಮಜ್ಜೆ ಬಿಟ್ಟು ನೋಡಿದರು. ಯಾವುದು ಮೇಲು ಎಂದು 90 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದ ಅಧ್ಯಯನ 2008ರಲ್ಲಿ ಬಂತು. ಸ್ಟೆರಾಯ್ಡ್ ಪಡೆದವರಲ್ಲಿ 42 ಶೇಕಡಾ ಮಕ್ಕಳಿಗೆ ವಾಸಿಯಾಗಿತ್ತು, ಮಜ್ಜೆ ಪಡೆದವರಲ್ಲಿ 23 ಶೇಕಡಾ. ಗೆದ್ದದ್ದೂ ಅರ್ಧಕ್ಕಿಂತ ಕಡಿಮೆ ಎಂಬುದನ್ನು ಗಮನಿಸಿ. ಹಾಗಾಗಿ ಎರಡನೇ, ಮೂರನೇ ಸೂಜಿ ಬೇಕಾಯಿತು ಎಂದರೆ ಡಾಕ್ಟರು ಕೆಡಿಸಿದರು ಎಂದು ಅರ್ಥವಲ್ಲ. ನಾವು ಆಫೀಸಿನಲ್ಲಿ ಒಂದೇ ಬಗ್‌ಗೆ ಮೂರು ಪ್ಯಾಚ್ ಹಾಕಿ ಸುಮ್ಮನಿರುತ್ತೇವೆ, ಆಸ್ಪತ್ರೆಯಲ್ಲಿ ಮಾತ್ರ ಮೊದಲ ಪ್ಯಾಚೇ ಕೊನೆಯದಾಗಬೇಕು ಎನ್ನುತ್ತೇವೆ!

ತೊಡೆ ಮೂಳೆಯ ಮೇಲ್ತುದಿಯಾದರೆ ಕಾಯುವ ಸಲುಗೆ ಕಡಿಮೆ. ಮೈಭಾರವೆಲ್ಲ ಅಲ್ಲೇ ಬೀಳುವುದರಿಂದ, ಅಲ್ಲಿ ಮುರಿದರೆ ಸೊಂಟದ ಕೀಲಿಗೇ ಕುತ್ತು. ಪೊಳ್ಳಿದ್ದ ಮೂಳೆಗೆ ಆಸರೆ ಕೊಡಲು ಫ್ರಾನ್ಸಿನ ನ್ಯಾನ್ಸಿ ನಗರದಲ್ಲಿ ರೂಪುಗೊಂಡ ಬಾಗುವ ಟೈಟೇನಿಯಂ ಮೊಳೆಗಳು ಇವತ್ತು ನಮ್ಮಲ್ಲೂ ರೂಢಿ. ಒಂದೆರಡು ಸೆಂಟಿಮೀಟರ್ ಗಾಯದಿಂದ ಒಳಗೆ ಬಿಟ್ಟು, ಸಿ-ಆರ್ಮ್ ಪರದೆ ನೋಡುತ್ತ ಮೂಳೆಯ ಟೊಳ್ಳಿನುದ್ದಕ್ಕೂ ಜಾರಿಸುತ್ತಾರೆ. ಅವು ಒಳಗಿನಿಂದ ಊರುಗೋಲಾಗುತ್ತವೆ, ಸಿಸ್ಟಿನ ನೀರು ಬಸಿದುಹೋಗಲು ದಾರಿಯನ್ನೂ ಮಾಡಿಕೊಡುತ್ತವೆ. ಎಲ್ಲ ಪೊಳ್ಳಿಗೂ ಮೊಳೆ ಸಾಲದು, ಕೆಲವಕ್ಕೆ ಪ್ಲೇಟೇ ಬೇಕು.

ಇನ್ನೊಂದು ಬಗೆ ಇದಕ್ಕಿಂತ ಕಳ್ಳ. ಹೆಸರು ಆಸ್ಟಿಯಾಯ್ಡ್ ಆಸ್ಟಿಯೋಮ. ಹೆಸರು ಉದ್ದ, ಗಾತ್ರ ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ. ಹಗಲು ಆಡುವ ಮಗು ರಾತ್ರಿ ಎದ್ದು ಅಳುತ್ತದೆ. ನಾವು ‘ಬೆಳೆಯುವ ಮಕ್ಕಳಿಗೆ ಕಾಲು ನೋಯುತ್ತೆ’ ಎಂದು ಎಣ್ಣೆ ತಿಕ್ಕಿ ಮಲಗಿಸುತ್ತೇವೆ. ಬೆಳವಣಿಗೆಯ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಬೆಳಗ್ಗೆ ಇರುವುದಿಲ್ಲ, ಕುಂಟುವುದಿಲ್ಲ. ಇದು ಹಾಗಲ್ಲ: ಒಂದೇ ಕಾಲು, ಅದರಲ್ಲೂ ಬೆರಳಿಟ್ಟು ತೋರಿಸುವ ಒಂದೇ ಜಾಗ, ರಾತ್ರಿ ಜಾಸ್ತಿ. ಐಬುಪ್ರೊಫೆನ್ ಕೊಟ್ಟರೆ ಮಂತ್ರ ಹಾಕಿದ ಹಾಗೆ ಇಳಿಯುತ್ತದೆ. ಆ ಗಂಟು ಪ್ರೊಸ್ಟಾಗ್ಲಾಂಡಿನ್ ಎಂಬ ನೋವಿನ ರಾಸಾಯನಿಕ ಸುರಿಸುತ್ತದೆ, ಮಾತ್ರೆ ತಡೆಯುವುದು ಅದನ್ನೇ. (ಮನೆಯಲ್ಲಿದೆ ಎಂದು ಮಕ್ಕಳಿಗೆ ಆಸ್ಪಿರಿನ್ ಮಾತ್ರ ಕೊಡಬೇಡಿ.) ಮಾತ್ರೆಗೆ ನೋವು ಹೋಯಿತಲ್ಲ ಎಂದು ತಿಂಗಳುಗಟ್ಟಲೆ ಕಳೆದುಹೋಗುವುದು ಈ ಕಾಯಿಲೆಯಲ್ಲೇ. ಎಕ್ಸ್-ರೇಯಲ್ಲಿ ತಪ್ಪಿಸಿಕೊಂಡರೂ ತೆಳು ಪದರದ ಸಿ.ಟಿ. ಸ್ಕ್ಯಾನಿನಲ್ಲಿ ಸಿಕ್ಕಿಬೀಳುತ್ತದೆ.

ಇದಕ್ಕಿರುವ ಚಿಕಿತ್ಸೆ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. 1992ರಲ್ಲಿ ಬಾಸ್ಟನ್ನಿನ ರೋಸೆಂತಾಲ್ ಮತ್ತು ಸಂಗಡಿಗರು ವರದಿ ಮಾಡಿದ ವಿಧಾನ. ಮಗುವಿಗೆ ಅರಿವಳಿಕೆ ಕೊಟ್ಟು, ಸಿ.ಟಿ.ಯಲ್ಲಿ ನೋಡುತ್ತ ಸೂಜಿಯನ್ನು ಆ ಗಂಟಿನ ನಡುವೆ ನಿಲ್ಲಿಸುತ್ತಾರೆ. ರೇಡಿಯೋ ತರಂಗದಿಂದ ತುದಿಯನ್ನು 90 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ ಐದಾರು ನಿಮಿಷ ಹಿಡಿಯುತ್ತಾರೆ. ಮುಗಿಯಿತು. ಮೊದಲಾದರೆ ಮೂಳೆಯ ತುಂಡನ್ನೇ ಕೊರೆದು ತೆಗೆದು ವಾರಗಟ್ಟಲೆ ಪ್ಲಾಸ್ಟರ್ ಹಾಕಬೇಕಿತ್ತು. ಈಗ ಅದೇ ದಿನ ಅಥವಾ ಮರುದಿನ ಮನೆ. ಗಂಟು ನರದ ಪಕ್ಕದಲ್ಲಿದ್ದರೆ ಶಾಖ ತಾಗುವ ಅಪಾಯವಿದೆ, ಅಂಥ ಕಡೆ ಬೇರೆ ದಾರಿ ಯೋಚಿಸುತ್ತಾರೆ.

ರಕ್ತ ತುಂಬಿ ಉಬ್ಬುವ ಅನ್ಯೂರಿಸ್ಮಲ್ ಸಿಸ್ಟ್ ಮೂರನೆಯದು. ಇಲ್ಲಿ ನಮ್ಮ ದೇಶದ ಕೊಡುಗೆ ದೊಡ್ಡದು. ಕಾಲಿನ ಉಬ್ಬಿದ ರಕ್ತನಾಳ ಮುಚ್ಚಲು ಬಳಸುವ ಪಾಲಿಡೋಕನಾಲ್ ಔಷಧವನ್ನು ಸೂಜಿಯಿಂದ ಈ ಸಿಸ್ಟಿಗೆ ಬಿಟ್ಟ 72 ರೋಗಿಗಳ ಅನುಭವವನ್ನು ದೆಹಲಿಯ ಏಮ್ಸ್ ವೈದ್ಯರು 2006ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಸೂಜಿಗೆ ಮೊದಲು ಬಯಾಪ್ಸಿ ಆಗಲೇಬೇಕು. ಮೂಳೆ ಕ್ಯಾನ್ಸರಿನ ಒಂದು ಅಪರೂಪದ ಬಗೆ ನೋಡಲು ಥೇಟ್ ಇದರ ಹಾಗೇ ಇರುತ್ತದೆ. ‘ಸಣ್ಣ ತೂತು, ನಾಳೆಯೇ ಮಾಡೋಣ’ ಎಂದು ಬಯಾಪ್ಸಿಯ ಮಾತೆತ್ತದವರ ಕಡೆ ನಾನಾದರೆ ಮಗುವನ್ನು ಬಿಡಲಾರೆ. ಎಲ್ಲಕ್ಕಿಂತ ಚಿಕ್ಕ ಗಾಯ ಎಂದರೆ ಗಾಯವೇ ಇಲ್ಲದಿರುವುದು. ಮಂಡಿಯ ಎಕ್ಸ್-ರೇಯಲ್ಲಿ ಅಕಸ್ಮಾತ್ ಕಾಣುವ ನಾನ್-ಆಸಿಫೈಯಿಂಗ್ ಫೈಬ್ರೋಮ ಎಂಬ ಮಚ್ಚೆ ಮಕ್ಕಳಲ್ಲಿ ಬಹಳ ಸಾಮಾನ್ಯ. ಹೆಚ್ಚಿನವು ಬೆಳೆಯುತ್ತ ತಾವೇ ಮಾಯವಾಗುತ್ತವೆ.

ಪುಣೆಯಲ್ಲಿ ಮೂಳೆ ಆಸ್ಪತ್ರೆಗಳಿಗೆ ಬರವಿಲ್ಲ. ಶಿವಾಜಿನಗರದ ಸಂಚೇತಿ ಇದೆ, ಕೋಥರೂಡಿನ ಮಗ್ಗುಲಲ್ಲೇ ಎರಂಡವಣೆಯ ದೀನಾನಾಥ ಮಂಗೇಶಕರ ಇದೆ. ಕೇಳಬೇಕಾದದ್ದು ‘ಮಕ್ಕಳ ಮೂಳೆ ತಜ್ಞರು ಯಾರು’ ಎಂದು. ಅದು ಪ್ರತ್ಯೇಕ ವಿಭಾಗ. ಊರಿಗೆ ಕರೆತನ್ನಿ ಎನ್ನುವ ಹಿರಿಯರ ಒತ್ತಾಯ ಬಂದೇ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಎಲ್ಲಿ ಎರಡು ವರ್ಷ ಬಿಡದೆ ತೋರಿಸಲು ಸಾಧ್ಯವೋ ಅಲ್ಲಿ ಮಾಡಿಸುವುದು ಮೇಲು. ಸೂಜಿ ಹಾಕುವುದು ಅರ್ಧ ಗಂಟೆಯ ಕೆಲಸ, ಪೊಳ್ಳು ತುಂಬುತ್ತಿದೆಯೇ ಎಂದು ಕೆಲವು ತಿಂಗಳಿಗೊಮ್ಮೆ ನೋಡುವುದು ವರ್ಷಗಳ ಕೆಲಸ.

ನಮ್ಮಂಥವರು ಎಡವುವುದೂ ಅಲ್ಲೇ. ಇವತ್ತು ಪುಣೆ, ಮುಂದಿನ ವರ್ಷ ಹೈದರಾಬಾದ್. ಹೊಸ ಡಾಕ್ಟರಿಗೆ ವಾಟ್ಸ್ಆ್ಯಪ್‌ನಲ್ಲಿ ಮಸುಕಾದ ಫೋಟೊ ತೋರಿಸಿದರೆ ಹಳೆಯ ಪೊಳ್ಳಿಗೂ ಇಂದಿನದಕ್ಕೂ ಹೋಲಿಸಿ ಅಳೆಯಲು ಬರುವುದಿಲ್ಲ. ಪ್ರತಿ ಎಕ್ಸ್-ರೇ, ಸ್ಕ್ಯಾನಿನ ಡೈಕಾಮ್ ಫೈಲನ್ನೇ ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ, ಬಯಾಪ್ಸಿ ವರದಿಯನ್ನೂ ಜೊತೆಗಿಡಿ. ಕಂಪನಿಯ ವಿಮೆ ಇದ್ದರೆ, ರಾತ್ರಿ ಉಳಿಯದೆ ಮಾಡುವ ಈ ಚಿಕಿತ್ಸೆ ಅವರ ಡೇ-ಕೇರ್ ಪಟ್ಟಿಯಲ್ಲಿದೆಯೇ ಎಂದು ಮೊದಲೇ ಇಮೇಲಿನಲ್ಲಿ ಬರೆಸಿಕೊಳ್ಳಿ. ಮೊಳೆ ಹಾಕಿದ್ದರೆ ಅದನ್ನು ತೆಗೆಸಲು ಮತ್ತೊಮ್ಮೆ ದಾಖಲಾಗಬೇಕಾಗಬಹುದು. ಆ ಹೊತ್ತಿಗೆ ಕೆಲಸ ಬದಲಿಸುವ ಯೋಚನೆಯಿದ್ದರೆ, ಹೊಸ ಕಂಪನಿಯ ಪಾಲಿಸಿ ಮೊದಲೇ ಇದ್ದ ಕಾಯಿಲೆಗೆ ಮೊದಲ ದಿನದಿಂದ ಹಣ ಕೊಡುತ್ತದೆಯೇ ಎಂದು ಆಫರ್ ಲೆಟರಿಗೆ ಸಹಿ ಹಾಕುವ ಮುನ್ನ ಎಚ್.ಆರ್. ಅವರನ್ನು ಕೇಳಿ.