ಮಳೆಗಾಲದ ಕತ್ತಲೆಗೆ ಬ್ಯಾಟರಿ: ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು?



ನಮ್ಮ ಕಾಸರಗೋಡಿನಲ್ಲಿ ಮಳೆಗಾಲ ಬಂತೆಂದರೆ ಕರೆಂಟಿಲ್ಲದ ರಾತ್ರಿಗಳೂ ಬಂದವೆಂದೇ ಲೆಕ್ಕ. ಒಂದು ಅಡಿಕೆ ಮರ ಲೈನಿನ ಮೇಲೆ ಒರಗಿದರೆ ಸಾಕು, ತೋಟದ ನಡುವಿನ ಮನೆಗಳು ಮರುದಿನದವರೆಗೂ ಕತ್ತಲೆಯಲ್ಲಿರುತ್ತವೆ. 2018ರ ಆಗಸ್ಟ್ ತಿಂಗಳ ನೆರೆಯಲ್ಲಿ ಕೇರಳದ ಅನೇಕರು ಮೊಬೈಲಿನಿಂದಲೇ ಸಹಾಯ ಕೇಳಿ ಜೀವ ಉಳಿಸಿಕೊಂಡರು. ಅಂದಿನಿಂದ ಪವರ್ ಬ್ಯಾಂಕ್ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಆದರೆ ಅದು ಎಷ್ಟು ಹೊತ್ತು ಬರುತ್ತದೆಂದು ಲೆಕ್ಕ ಹಾಕಿದವರು ಇನ್ನೂ ಕಡಿಮೆ.

ಪೆಟ್ಟಿಗೆಯ ಮೇಲೆ 10,000 ಎಂ.ಎ.ಎಚ್. ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಒಳಗಿನ 3.7 ವೋಲ್ಟಿನ ಲೆಕ್ಕ. ಅಂದರೆ ಒಟ್ಟು 37 ವ್ಯಾಟ್-ಅವರ್. ವೋಲ್ಟ್ ಏರಿಸುವಾಗ ಒಂದಷ್ಟು ಶಾಖವಾಗಿ ಹೋಗಿ, ನಮಗೆ ಸಿಗುವುದು ಸುಮಾರು 24. ಈಗಿನ ಒಂದು ಮೊಬೈಲಿಗೆ ಒಂದು ಸಲ ತುಂಬಾ ಚಾರ್ಜು, ಇಲ್ಲವೇ 5 ವ್ಯಾಟಿನ ಯು.ಎಸ್.ಬಿ. ದೀಪಕ್ಕೆ ನಾಲ್ಕೈದು ಗಂಟೆ. ಅಷ್ಟೇ. ಬೆನ್ನಿಗೆ ಕಟ್ಟಿ ಔಷಧಿ ಹೊಡೆಯುವ ಪಂಪಿನಲ್ಲಿ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿ ಇದ್ದರೆ ಅದು ಇದಕ್ಕಿಂತ ದೊಡ್ಡದು. ಅರ್ಧದಷ್ಟು ಮಾತ್ರ ಬಳಸಿದರೂ 12 ವೋಲ್ಟಿನ 5 ವ್ಯಾಟ್ ಬಲ್ಬು ಒಂಬತ್ತು ಗಂಟೆ ಉರಿದೀತು. ಮಳೆಗಾಲದಲ್ಲಿ ಪಂಪು ಮೂಲೆಯಲ್ಲಿದ್ದಾಗಲೂ ಅದನ್ನು ಚಾರ್ಜು ಮಾಡಿ ಇಡಿ.

ಈ ಲೇಖನ ಬರೆಯಲು ಕಾರಣ ಬೇರೆ. ನಮ್ಮ ಇಗರ್ಜಿಯ ವ್ಯಾಪ್ತಿಯ ಒಂದು ಮನೆಯಲ್ಲಿ ಅಜ್ಜಿಗೆ ರಾತ್ರಿ ಆಮ್ಲಜನಕದ ಯಂತ್ರ ಬೇಕು. ಮೊಮ್ಮಗ ಒಂದು ದೊಡ್ಡ ಬ್ಯಾಟರಿ ಪೆಟ್ಟಿಗೆ ತಂದು, "ಇನ್ನು ಹೆದರಿಕೆ ಇಲ್ಲ ಬಾಯಿ" ಎಂದಿದ್ದಾನೆ. ಪೆಟ್ಟಿಗೆ 500 ವ್ಯಾಟ್-ಅವರ್‌ನದು. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ ಸುಮಾರು 300ರಿಂದ 350 ವ್ಯಾಟ್ ತಿನ್ನುತ್ತದೆ. ಹಾಗಾದರೆ ಒಂದೂಕಾಲು ಗಂಟೆ! ಕರೆಂಟು ಬರುವುದು ಬೆಳಿಗ್ಗೆ. ಬಾಯಿಗೆ ಹೇಳಿದ ಧೈರ್ಯವೇ ಇಲ್ಲಿ ಅಪಾಯ.

ಇಂಥ ಮನೆಯಲ್ಲಿ ಬ್ಯಾಟರಿ ಇರಬೇಕಾದದ್ದು ಸಿಲಿಂಡರಿಗೆ ಬದಲಾಯಿಸುವಷ್ಟು ಹೊತ್ತಿಗೆ. ತುಂಬಿದ ಒಂದು 'ಬಿ' ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಬಂದೀತು. ಎಷ್ಟು ಬಿಡಬೇಕೆಂದು ಡಾಕ್ಟರರೇ ಹೇಳಬೇಕು. ಸಿಲಿಂಡರ್ ತಂದ ದಿನವೇ ಅದನ್ನು ತೆರೆಯಲು ಮನೆಯವರಿಬ್ಬರು ಕಲಿತಿರಲಿ. ಇನ್ನೊಂದು ಮಾತು: ಕರೆಂಟು ಹೋದ ಕೂಡಲೇ ದೇವರ ಪೀಠದ ಮೋಂಬತ್ತಿ ಹಚ್ಚುವುದು ನಮ್ಮ ರೂಢಿ. ಆಮ್ಲಜನಕ ಹರಿಯುವ ಕೋಣೆಯಲ್ಲಿ ಮೋಂಬತ್ತಿಯೂ ಬೇಡ, ಚಿಮಿಣಿಯೂ ಬೇಡ.

ದಮ್ಮಿನವರ ನೆಬ್ಯುಲೈಸರೂ ಎರಡು ಬಗೆಯದು. ಗರಗರ ಸದ್ದು ಮಾಡುವ ಯಂತ್ರವನ್ನು ಪವರ್ ಬ್ಯಾಂಕ್ ನಡೆಸಲಾರದು. ಅಂಗೈ ಅಗಲದ ಮೆಶ್ ನೆಬ್ಯುಲೈಸರ್ ಸಣ್ಣ ಬ್ಯಾಟರಿಯಲ್ಲೇ ನಡೆಯುತ್ತದೆ. ಇನ್ಸುಲಿನ್‌ಗಾಗಿ ಫ್ರಿಜ್ಜಿಗೆ ಬ್ಯಾಟರಿ ಜೋಡಿಸಲು ಹೋಗಬೇಡಿ, ಒಂದೆರಡು ರಾತ್ರಿಗೆ ಮಣ್ಣಿನ ಮಡಕೆಯ ತಂಪು ಸಾಕು.

ಇನ್ನು ಕಾರು. ಮಗ ಗಲ್ಫಿಗೆ ಹೋದ ಮೇಲೆ ಕೊಟ್ಟಿಗೆಯ ಪಕ್ಕ ನಿಂತೇ ಇರುವ ಕಾರು ಆಸ್ಪತ್ರೆಗೆ ಹೊರಡುವ ರಾತ್ರಿಯೇ ಸ್ಟಾರ್ಟ್ ಆಗುವುದಿಲ್ಲ. ಇದಕ್ಕೆ ಜಂಪ್ ಸ್ಟಾರ್ಟರ್ ಎಂಬ ಬೇರೆಯೇ ಬ್ಯಾಟರಿ ಬೇಕು, ಪಂಪಿನ ಬ್ಯಾಟರಿಯಿಂದ ಆಗದು. ಮೊದಲು ಕೆಂಪು ಕ್ಲಿಪ್ಪನ್ನು ಪಾಸಿಟಿವ್‌ಗೆ, ಬಳಿಕ ಕಪ್ಪನ್ನು ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಹಚ್ಚಿ. ಐದು ಸೆಕೆಂಡಿಗಿಂತ ಹೆಚ್ಚು ಕೀ ತಿರುಗಿಸಬೇಡಿ. ಆಗದಿದ್ದರೆ ಅರ್ಧ ನಿಮಿಷ ಬಿಟ್ಟು ಪುನಃ ನೋಡಿ. ಡೀಸೆಲ್ ವಾಹನಕ್ಕೆ ಹೆಚ್ಚು ಶಕ್ತಿಯದು ಬೇಕು. ನೆರೆನೀರಲ್ಲಿ ಮುಳುಗಿದ ಕಾರನ್ನು ಮಾತ್ರ ಸ್ಟಾರ್ಟ್ ಮಾಡಲೇಬೇಡಿ. ಈ ಪೆಟ್ಟಿಗೆಯನ್ನು ಏಪ್ರಿಲ್ ಬಿಸಿಲಿನ ಕಾರಿನೊಳಗೆ ಬಿಡದೆ ಮನೆಯಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ಚಾರ್ಜು ಮಾಡಿ. ಉಬ್ಬಿದ ಬ್ಯಾಟರಿಯನ್ನು ತೋಟಕ್ಕೆ ಎಸೆಯುವುದಾಗಲಿ ಸುಡುವುದಾಗಲಿ ಕೂಡದು. ಮಾರಿದ ಅಂಗಡಿಗೆ ಹಿಂದೆ ಕೊಡಿ. (ಗಲ್ಫಿನಿಂದ ತರುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು, 100 ವ್ಯಾಟ್-ಅವರ್ ಮೀರಬಾರದು.)

ಆಮ್ಲಜನಕದ ಯಂತ್ರವಿರುವ ಮನೆಯವರು ತಮ್ಮ ವಾರ್ಡಿನ ಗುರಿಕಾರರಿಗೂ ಕರೆಂಟ್ ಆಫೀಸಿಗೂ ಮಳೆಗೆ ಮುಂಚೆಯೇ ತಿಳಿಸಿಡಿ. ಜನರೇಟರ್ ಇರುವ ನೆರೆಮನೆ ಯಾವುದೆಂದು ಗುರಿಕಾರರಿಗೆ ಗೊತ್ತಿರುತ್ತದೆ.