ಸೂಜಿ ಚುಚ್ಚಿಸಿಕೊಳ್ಳಿ, ಗುಳಿಗೆ ಬಿಡಬೇಡಿ

ನಾನು ಮದ್ರಸ ಕಲಿಸುವ ಗಜೇಂದ್ರಗಡ ನೇಕಾರರ ಊರು. ಮಗ್ಗದ ಮುಂದೆ ದಿನವಿಡೀ ಕೂರುವವರಿಗೆ ಸೊಂಟನೋವು, ಮೊಣಕಾಲು ನೋವು ತಪ್ಪಿದ್ದಲ್ಲ. ಮೊನ್ನೆ ಮಗ್ರಿಬ್ ನಮಾಝ್ ಮುಗಿಸಿ ಹೊರಬರುವಾಗ ಒಬ್ಬ ಚಾಚಾ ಕೇಳಿದರು: "ಹಜರತ್, ಅಕ್ಯುಪಂಕ್ಚರ್ ಅಂದ್ರ ನಮ್ಮ ಹಿಜಾಮಾನ ಅಲ್ಲೇನ್ರಿ?"

ಅಲ್ಲ. ಹಿಜಾಮಾದಲ್ಲಿ ಕಪ್ ಇಟ್ಟು ರಕ್ತ ತೆಗೆಯುತ್ತಾರೆ. ಅಕ್ಯುಪಂಕ್ಚರ್ ಚೀನಾದ್ದು. ಕೂದಲಿನಷ್ಟು ತೆಳ್ಳಗಿನ, ಔಷಧಿಯಿಲ್ಲದ ಸೂಜಿಗಳನ್ನು ಚುಚ್ಚಿ ಸುಮಾರು 20 ನಿಮಿಷ ಹಾಗೇ ಬಿಡುತ್ತಾರೆ. 'ಚಿ' ಎಂಬ ಜೀವಶಕ್ತಿಯ ಹರಿವು ಇದರಿಂದ ಸರಿಯಾಗುತ್ತದೆ ಎಂಬುದು ಚೀನೀಯರ ನಂಬಿಕೆ. ನರಗಳು ಚುರುಕಾಗಿ, ನೋವು ತಗ್ಗಿಸುವ ಎಂಡಾರ್ಫಿನ್ ದೇಹದಲ್ಲೇ ಹೊರಬರುತ್ತದೆ ಎಂಬುದು ಇಂದಿನ ವೈದ್ಯರ ವಿವರಣೆ. ಹಳೆಯ ಸೊಂಟನೋವು, ಮೊಣಕಾಲು ನೋವು, ಮೈಗ್ರೇನ್‌ಗೆ ಇದನ್ನು ಬಳಸುತ್ತಾರೆ. 1938ರಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸ್ ಜೊತೆ ಚೀನಾಕ್ಕೆ ಹೋಗಿದ್ದ ಡಾ. ಬಿ.ಕೆ. ಬಸು ಮುಂದೆ ಈ ವಿದ್ಯೆಯನ್ನು ಭಾರತಕ್ಕೆ ತಂದರು.

"ಹಂಗಾದ್ರ ಸಕ್ಕರೆ ಗುಳಿಗಿ ಬಿಡಬಹುದಲ್ರಿ?" ಎಂದರು ಚಾಚಾ. ಅಪಾಯ ಇರುವುದೇ ಇಲ್ಲಿ. ಸೂಜಿ ನೋವು ತಗ್ಗಿಸೀತು, ಸಕ್ಕರೆ ಕಾಯಿಲೆ ವಾಸಿ ಮಾಡದು. ಗುಳಿಗೆ ನಿಲ್ಲಿಸಿದರೆ ಕಣ್ಣು, ಕಿಡ್ನಿಗೆ ಕುತ್ತು.

ತರಬೇತಿ ಪಡೆದವರ ಬಳಿಯೇ ಹೋಗಿ. ಹೊಸ ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ. ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಹರಡಬಹುದು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮೊದಲೇ ತಿಳಿಸಬೇಕು.

ಚಿಕಿತ್ಸೆ ಪಡೆಯುವುದು ಸುನ್ನತ್. ದೇಹ ಅಲ್ಲಾಹನು ಕೊಟ್ಟ ಅಮಾನತ್ತು; ಅದನ್ನು ಕಾಪಾಡುವುದೂ ನಮ್ಮ ಹೊಣೆ.