ಆ ಅಕ್ಟೋಬರ್‌ನಲ್ಲಿ ದಿಲ್ಲಿ ತುಂಬ ಹಾಸನ!

1996ರ ಅಕ್ಟೋಬರ್ 10. ದಿಲ್ಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಬಾರ್ಡರ್–ಗಾವಸ್ಕರ್ ಟ್ರೋಫಿಯ ಹೆಸರಿನಲ್ಲಿ ನಡೆದ ಮೊಟ್ಟಮೊದಲ ಟೆಸ್ಟ್ ಶುರುವಾದದ್ದು ಅಂದು. ಸಚಿನ್ ತೆಂಡೂಲ್ಕರ್ ನಾಯಕರಾಗಿ ಟಾಸ್‌ಗೆ ಇಳಿದ ಮೊದಲ ಟೆಸ್ಟ್ ಕೂಡ ಅದೇ. ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ಪಂದ್ಯದ ಆಟಗಾರರ ಪಟ್ಟಿಯನ್ನು ಹಾಸನ ಜಿಲ್ಲೆಯ ನಕ್ಷೆಯ ಪಕ್ಕದಲ್ಲಿಟ್ಟು ಒಮ್ಮೆ ನೋಡಿ. ಮೈ ಜುಮ್ಮೆನ್ನುತ್ತದೆ!

ವೆಂಕಟೇಶ ಪ್ರಸಾದ್ ಜೊತೆಗೆ ಆ ದಿನ ವೇಗದ ಬೌಲಿಂಗ್ ಹೊಣೆ ಹೊತ್ತವರು ಡೇವಿಡ್ ಜಾನ್ಸನ್. ಹುಟ್ಟಿದ್ದು 1971ರಲ್ಲಿ, ನಮ್ಮ ಅರಸೀಕೆರೆಯಲ್ಲಿ. ಹಿಂದಿನ ರಣಜಿ ಋತುವಿನಲ್ಲಿ ಕೇರಳದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 152 ರನ್ನಿಗೆ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತಿದ್ದ ಹುಡುಗ ಈಗ ಭಾರತದ ಟೋಪಿ ತೊಟ್ಟು ಓಡಿಬರುತ್ತಿದ್ದರು. ಚೆಂಡಿನ ವೇಗ ಗಂಟೆಗೆ 157.8 ಕಿ.ಮೀ. ಮುಟ್ಟಿತೆಂದು ಆಗ ವರದಿಯಾಯಿತು. ಆಸ್ಟ್ರೇಲಿಯಾದ ಮೈಕೆಲ್ ಸ್ಲೇಟರ್ ಬ್ಯಾಟಿನ ಅಂಚಿಗೆ ಚೆಂಡು ತಾಗಿತು, ಸ್ಲಿಪ್‌ನಲ್ಲಿ ಅಜರುದ್ದೀನ್ ಕೈಚಾಚಿ ಹಿಡಿದೇಬಿಟ್ಟರು! ಜಾನ್ಸನ್ ಅವರ ಮೊದಲ ಟೆಸ್ಟ್ ವಿಕೆಟ್.

ಅವರಿಗೆ ಆ ಜಾಗ ಸಿಕ್ಕಿದ್ದಾದರೂ ಹೇಗೆ? ಗಾಯಗೊಂಡ ಜಾವಗಲ್ ಶ್ರೀನಾಥ್ ತಂಡದಿಂದ ಹೊರಗುಳಿದಿದ್ದರಿಂದ. ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ಆದರೆ ಹೆಸರಿಗೆ ಅಂಟಿಕೊಂಡ ಆ ಜಾವಗಲ್ ಇದೆಯಲ್ಲ, ಹಳೇಬೀಡಿಗೆ ಹತ್ತಿರದ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಊರು, ಅದಿರುವುದೂ ಅರಸೀಕೆರೆ ತಾಲ್ಲೂಕಿನಲ್ಲೇ. ಅಂದರೆ ಭಾರತ ತಂಡದಲ್ಲಿ ತೆರವಾದದ್ದು ಅರಸೀಕೆರೆ ತಾಲ್ಲೂಕಿನ ಬೇರಿನ ಒಬ್ಬ ವೇಗಿಯ ಸ್ಥಾನ, ತುಂಬಿದ್ದು ಅದೇ ತಾಲ್ಲೂಕಿನಲ್ಲಿ ಹುಟ್ಟಿದ ಇನ್ನೊಬ್ಬ ವೇಗಿ!

ನಿಲ್ಲಿ, ಇನ್ನೂ ಇದೆ. ಆ ಹೊತ್ತಿಗೆ ಅದೇ ದಿಲ್ಲಿಯಲ್ಲಿ ದೇಶದ ಪ್ರಧಾನಿಯ ಕುರ್ಚಿಯಲ್ಲಿ ಕುಳಿತಿದ್ದವರು ಯಾರು? ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು. ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿ, 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದು ಶಾಸನಸಭೆ ಪ್ರವೇಶಿಸಿದವರು. 1996ರ ಜೂನ್ 1ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ಆಳುವವರೂ ಹಾಸನದವರು, ಚೆಂಡೆಸೆಯುವವರೂ ಹಾಸನದವರು! ಒಂದು ಜಿಲ್ಲೆಯ ಪಾಲಿಗೆ ಇಂಥ ವರ್ಷ ಬರುವುದುಂಟೇ?

ವರ್ಷದ ಆರಂಭವೂ ಹಾಗೆಯೇ ಇತ್ತು. ಫೆಬ್ರುವರಿ–ಮಾರ್ಚ್‌ನಲ್ಲಿ ವಿಶ್ವಕಪ್. ದೇವೇಗೌಡರು ಆಗಿನ್ನೂ ರಾಜ್ಯದ ಮುಖ್ಯಮಂತ್ರಿ. ಅತ್ತ ಪುಟ್ಟ ದ್ವೀಪ ಶ್ರೀಲಂಕಾ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕ್ ಮೇಲೆ ಬಾಂಬ್ ದಾಳಿಯಾಗಿತ್ತು. ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್ ತಂಡಗಳು ಅಲ್ಲಿನ ವಿಶ್ವಕಪ್ ಪಂದ್ಯಗಳಿಗೆ ಹೋಗಲು ಒಪ್ಪಲಿಲ್ಲ. ಆಗ ಭಾರತ, ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ ಕೊಲಂಬೊಗೆ ಹೋಗಿ ಆಡಿಬಂದರು. ಇಂದು ನೆನೆದರೆ ಕನಸೆನಿಸುತ್ತದೆ. ಮಾರ್ಚ್ 13ರಂದು ಈಡನ್ ಗಾರ್ಡನ್ಸ್‌ನಲ್ಲಿ ಅದೇ ಶ್ರೀಲಂಕಾ ಎದುರು ಸೆಮಿಫೈನಲ್. ಮೊದಲ ಓವರ್ ಶ್ರೀನಾಥ್ ಅವರದು. ಕಲುವಿತರಣ ಹೊಡೆದ ಚೆಂಡು ಥರ್ಡ್‌ಮ್ಯಾನ್‌ನಲ್ಲಿದ್ದ ಫೀಲ್ಡರ್ ಕೈಗೆ. ಅದೇ ಓವರ್‌ನಲ್ಲಿ ಜಯಸೂರ್ಯ, ಮತ್ತೆ ಥರ್ಡ್‌ಮ್ಯಾನ್‌ಗೇ! ಆ ಟೂರ್ನಿಯಲ್ಲಿ ಎಲ್ಲರ ಎದೆ ನಡುಗಿಸಿದ್ದ ಆರಂಭಿಕ ಜೋಡಿ ಒಂದೇ ಓವರ್‌ನಲ್ಲಿ ಪೆವಿಲಿಯನ್‌ಗೆ. ಕೊನೆಗೆ ಗೆದ್ದದ್ದು ಲಂಕೆಯೇ, ವಿಶ್ವಕಪ್ ಎತ್ತಿದ್ದೂ ಅವರೇ.

ಕೋಟ್ಲಾದಲ್ಲಿ ಭಾರತ ಏಳು ವಿಕೆಟ್‌ಗಳಿಂದ ಗೆದ್ದ ಮರುವಾರವೇ, ಅಕ್ಟೋಬರ್ 21ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಏಕದಿನ ಪಂದ್ಯದಲ್ಲಿ ಆಸ್ಟ್ರೇಲಿಯಾ ವಿರುದ್ಧ 216 ರನ್ ಗುರಿ. 164ಕ್ಕೆ ಎಂಟು ವಿಕೆಟ್ ಬಿದ್ದಾಗ ಕ್ರೀಸಿನಲ್ಲಿ ಉಳಿದವರು ಚೇತರಿಸಿಕೊಂಡು ಮರಳಿದ್ದ ಶ್ರೀನಾಥ್ ಮತ್ತು ಕುಂಬ್ಳೆ. ಮುರಿಯದ ಜೊತೆಯಾಟದಲ್ಲಿ 52 ರನ್ ಕೂಡಿಸಿ ಗೆಲ್ಲಿಸಿಯೇ ಬಂದರು. ಶ್ರೀನಾಥ್ ಅಜೇಯ 30! ನವೆಂಬರ್‌ನಲ್ಲಿ ಅಹಮದಾಬಾದ್ ಟೆಸ್ಟ್. ಗೆಲ್ಲಲು 170 ಬೇಕಿದ್ದ ದಕ್ಷಿಣ ಆಫ್ರಿಕಾ 105ಕ್ಕೆ ಕುಸಿಯಿತು. ಶ್ರೀನಾಥ್ 21 ರನ್ನಿಗೆ 6 ವಿಕೆಟ್. ಡಿಸೆಂಬರ್ 12ರಂದು ದೇವೇಗೌಡರು ಬಾಂಗ್ಲಾದೇಶದ ಶೇಖ್ ಹಸೀನಾ ಅವರೊಂದಿಗೆ 30 ವರ್ಷಗಳ ಗಂಗಾ ನೀರು ಹಂಚಿಕೆ ಒಪ್ಪಂದಕ್ಕೆ ಸಹಿ ಹಾಕಿದರು. ಹೇಮಾವತಿ ದಡದ ರೈತನ ಮಗ ಗಂಗೆಯ ನೀರಿನ ಲೆಕ್ಕ ಬಗೆಹರಿಸಿದ್ದನ್ನು ಕ್ರಿಕೆಟ್ಟಿನ ಯಾವ ಗೆಲುವಿಗಿಂತಲೂ ದೊಡ್ಡದೆಂದೇ ನಾನು ಎಣಿಸುತ್ತೇನೆ.

ಅದಾಗಿ ಎರಡು ವಾರಕ್ಕೆ, ಡಿಸೆಂಬರ್ 26ರಂದು, ಡರ್ಬನ್. ಶ್ರೀನಾಥ್ ಮತ್ತು ಜಾನ್ಸನ್ ಭಾರತದ ಒಂದೇ ಟೆಸ್ಟ್ ತಂಡದಲ್ಲಿ! ದ್ರಾವಿಡ್, ಕುಂಬ್ಳೆ, ಪ್ರಸಾದ್ ಸೇರಿ ಹನ್ನೊಂದರಲ್ಲಿ ಐವರು ಕನ್ನಡಿಗರು, ಅವರಲ್ಲಿ ಇಬ್ಬರ ಬೇರು ಅರಸೀಕೆರೆ ತಾಲ್ಲೂಕು. ಭಾರತ 100 ಮತ್ತು 66ಕ್ಕೆ ಉರುಳಿ ಸೋತಿತು, ನಿಜ. ಜಾನ್ಸನ್ ದಕ್ಷಿಣ ಆಫ್ರಿಕಾದ ಗಿಬ್ಸ್ ಮತ್ತು ಮ್ಯಾಕ್‌ಮಿಲನ್ ಅವರ ವಿಕೆಟ್ ಪಡೆದರು. ಅದೇ ಅವರ ಕೊನೆಯ ಟೆಸ್ಟ್. ಎರಡು ಟೆಸ್ಟ್, ಮೂರು ವಿಕೆಟ್.

ಶ್ರೀನಾಥ್ 236 ಟೆಸ್ಟ್ ವಿಕೆಟ್, 315 ಏಕದಿನ ವಿಕೆಟ್ ಪಡೆದು, ಆಮೇಲೆ ಮ್ಯಾಚ್ ರೆಫರಿಯಾಗಿ ಜಗತ್ತು ಸುತ್ತಿದರು. ಜಾನ್ಸನ್ 2024ರ ಜೂನ್ 20ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಹಾಸನದ ಕ್ರೀಡಾಪ್ರೇಮಿಗಳೇ, ಅರಸೀಕೆರೆಯಲ್ಲಿ ಪ್ರತಿ ವರ್ಷ ಅಕ್ಟೋಬರ್ 10ಕ್ಕೆ ಜಾನ್ಸನ್ ಅವರ ಹೆಸರಿನಲ್ಲಿ ವೇಗದ ಬೌಲಿಂಗ್ ಶಿಬಿರ ನಡೆಸೋಣ. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದ ಮಕ್ಕಳನ್ನು, ಹುಡುಗಿಯರನ್ನೂ ಸೇರಿಸಿ, ಬಸ್ಸು ಮಾಡಿ ಕರೆತನ್ನಿ.